ಪ್ರವಾಸದ ಪಟಗಳಲ್ಲಿ ಕಾಣದ ಹೊಳೆ

(ಚಡಚಣದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಜಾತ್ರೆಯಲ್ಲಿ ಫೋಟೋ ಡೇರೆ ಹಾಕುತ್ತಿದ್ದ ಕಾಲವನ್ನು ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ಡೇರೆಯ ಹಿಂಬದಿಗೆ ಬಣ್ಣದ ಪರದೆ. ಪರದೆಯ ಮೇಲೆ ತಾಜಮಹಲು, ಅದರ ಮುಂದೆ ನೀಲಿ ಕೊಳ, ಕೊಳದಲ್ಲಿ ಎರಡು ಹಂಸ. ಸಂಗಮೇಶ್ವರನ ಜಾತ್ರೆಗೆ ಬಂದ ರೈತ ದಂಪತಿಗಳು ಆ ಪರದೆಯ ಮುಂದೆ ನಿಂತು ಪಟ ತೆಗೆಸಿಕೊಳ್ಳುತ್ತಿದ್ದರು. ಆಗ್ರಾವನ್ನು ಅವರು ಕಂಡಿರಲಿಲ್ಲ. ಕಾಣಬೇಕೆಂದು ಯಾರಲ್ಲಿಯೂ ಹೇಳಿಕೊಂಡಿರಲಿಲ್ಲ. ಆದರೂ ಆ ಪಟ ಕಟ್ಟು ಹಾಕಿಸಿಕೊಂಡು ಪಡಸಾಲೆಯ ಗೋಡೆಯನ್ನೇರುತ್ತಿತ್ತು. ಮನೆಗೆ ಬಂದ ಬೀಗರಿಗೆ ಮೊದಲು ತೋರಿಸುವ ವಸ್ತುವಾಗುತ್ತಿತ್ತು. ಹೆಸರಾದ ಸ್ಥಳದೊಡನೆ ತನ್ನ ಮುಖವನ್ನು ಒಂದೇ ಚೌಕಟ್ಟಿನಲ್ಲಿ ಕಾಣಬೇಕು, ಕಂಡುದನ್ನು ನಾಲ್ಕು ಜನರೊಡನೆ ಹಂಚಿಕೊಳ್ಳಬೇಕು ಎಂಬ ಹಂಬಲವನ್ನು ಮೊಬೈಲು ತಂದಿತೆನ್ನುವುದು ತಪ್ಪು. ಮೊಬೈಲು ಪರದೆಯನ್ನು ತೆಗೆದುಹಾಕಿತು, ಅಷ್ಟೆ.

ಈಗ ಚಡಚಣದ ಮನೆಗಳಲ್ಲಿ ಪಟಗಳಿಗೆ ಕೊರತೆಯಿಲ್ಲ. ಶಾಲೆಯ ಮಕ್ಕಳು ಡಿಸೆಂಬರಿನಲ್ಲಿ ಜೋಗ, ಮುರ್ಡೇಶ್ವರ, ಧರ್ಮಸ್ಥಳ, ಬೇಲೂರುಗಳನ್ನು ಸುತ್ತಿ ಬರುತ್ತಾರೆ. ಬಟ್ಟೆ ಅಂಗಡಿಯವರು ದೀಪಾವಳಿಯ ವ್ಯಾಪಾರ ಮುಗಿದ ಮೇಲೆ ಒಂದು ವಾರ ಬಾಗಿಲು ಹಾಕಿ ಚಿಕ್ಕಮಗಳೂರಿಗೋ ಊಟಿಗೋ ಹೋಗುತ್ತಾರೆ. ಹಿರಿಯರು ಪಂಢರಪುರ, ಶ್ರೀಶೈಲ, ಭೀಮಾಶಂಕರಗಳ ಯಾತ್ರೆ ಮಾಡುತ್ತಾರೆ. ವಿಜಯಪುರದ ಗೋಳಗುಮ್ಮಟವಂತೂ ಬೀಗರು ಬಂದಾಗ ತೋರಿಸುವ ಮನೆಯಂಗಳವೇ ಆಗಿದೆ. ಹೋದಲ್ಲೆಲ್ಲ ಪಟ; ಪಟವಾದ ಮರುಕ್ಷಣವೇ ಅದು ಸೊಲ್ಲಾಪುರದ ಸೋದರಮಾವನಿಗೂ ಪುಣೆಯಲ್ಲಿ ಕೆಲಸಕ್ಕಿರುವ ಮಗನಿಗೂ ತಲುಪುತ್ತದೆ. ಇದನ್ನು ಹೀಗಳೆಯುವುದು ಈ ಮಾತಿನ ಉದ್ದೇಶವಲ್ಲ. ವರ್ಷದ ಹನ್ನೊಂದು ತಿಂಗಳು ಬಿಸಿಲಲ್ಲಿ ದುಡಿದವರು ಹಸಿರನ್ನು ಕಂಡು ಹಿಗ್ಗಿ, ಆ ಹಿಗ್ಗನ್ನು ಹಂಚಿಕೊಂಡರೆ ಅದರಲ್ಲಿ ತಪ್ಪೆಣಿಸುವ ಅಧಿಕಾರ ಯಾರಿಗೂ ಇಲ್ಲ. ಈ ಪಟಗಳಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಮಾತ್ರ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕಾಗಿದೆ.

ಮೊದಲು ಮನೆಯ ಹತ್ತಿರದಿಂದಲೇ ಆರಂಭಿಸಬಹುದು. ಬಿಜಾಪುರವು ಭಾರತದಲ್ಲಿ ಬಹಳ ಮೊದಲೇ ಕ್ಯಾಮರಾದ ಕಣ್ಣಿಗೆ ಬಿದ್ದ ಊರುಗಳಲ್ಲಿ ಒಂದು. 1855ರಲ್ಲಿ ಮುಂಬಯಿ ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್ ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡು ಇಲ್ಲಿಗೆ ಬಂದನು. ಬಾದಾಮಿ, ಐಹೊಳೆಗಳನ್ನೂ ಅವನು ಚಿತ್ರಿಸಿದನು. ಕಾಗದದ ಮೇಲೆಯೇ ಮೂಡುವ ನೆಗೆಟಿವ್‌ಗಳ ಕಾಲವದು. ಬೆಳಕಿಗೆ ಒಡ್ಡಿದ ಕಾಗದದಲ್ಲಿ ಬಿಂಬ ನೆಲೆಗೊಳ್ಳಲು ಹೊತ್ತು ಹಿಡಿಯುತ್ತಿತ್ತು. ಕಲ್ಲು ಕದಲುವುದಿಲ್ಲವಾದ್ದರಿಂದ ಸ್ಪಷ್ಟವಾಗಿ ಮೂಡುತ್ತಿತ್ತು. ನಡೆದಾಡುವ ಮನುಷ್ಯ ಮಸುಕಾಗಿ ಅಳಿಸಿಹೋಗುತ್ತಿದ್ದನು. ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ಚಿತ್ರಗಳನ್ನೂ ಕ್ಯಾಪ್ಟನ್ ಹಾರ್ಟ್ ಮೊದಲಾದವರು ಬರೆದ ನಕ್ಷೆಗಳನ್ನೂ ಸೇರಿಸಿ 1866ರಲ್ಲಿ ಬಿಜಾಪುರದ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು ಪ್ರಕಟವಾಯಿತು. ಅದಕ್ಕೆ ಇತಿಹಾಸವನ್ನು ಬರೆದವನು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿಯನ್ನು ಬರೆದವನು ಜೇಮ್ಸ್ ಫರ್ಗ್ಯುಸನ್. ಬಿಜಾಪುರವು ಕಲಾದಗಿಯ ಬದಲು ಜಿಲ್ಲಾ ಕೇಂದ್ರವಾದದ್ದು 1885ರಲ್ಲಿ. ಅಂದರೆ ಆ ಚಿತ್ರಗಳು ಮೂಡಿದಾಗ ಊರು ಇನ್ನೂ ಬಹುಪಾಲು ಹಾಳುಸುರಿಯುತ್ತಿತ್ತು.

ಈ ಗ್ರಂಥದಿಂದ ಉಪಕಾರವಾಗಿದೆ, ಅದನ್ನು ಮರೆಯಬಾರದು. ಗುಮ್ಮಟಗಳ ಕೀರ್ತಿ ದೂರದವರೆಗೆ ಹಬ್ಬಲು ಇಂಥ ಚಿತ್ರಗಳೂ ಕಾರಣವಾದವು. ಆದರೆ ಅವುಗಳೊಡನೆ ನೋಟದ ಒಂದು ರೂಢಿಯೂ ಬೇರೂರಿತು. ಬಿಜಾಪುರವೆಂದರೆ ಗುಮ್ಮಟ, ಕಮಾನು, ಮಿನಾರು. ಇಂದಿಗೂ ಯಾವ ಮೊಬೈಲನ್ನು ತೆರೆದರೂ ಅದೇ ಮೂರು ಕೋನಗಳು: ಗೋಳಗುಮ್ಮಟದ ಎದುರಿನ ಹುಲ್ಲುಹಾಸು, ಇಬ್ರಾಹಿಂ ರೋಜಾದ ಕೊಳ, ಮಲಿಕ್-ಎ-ಮೈದಾನ್ ತೋಪಿನ ಮೇಲೆ ಕೈಯಿಟ್ಟ ಮಗು. 38 ಮೀಟರಿನಷ್ಟು ಒಳವ್ಯಾಸದ ಗುಮ್ಮಟವನ್ನು 1656ರ ಹೊತ್ತಿಗೆ ಕಟ್ಟಿ ನಿಲ್ಲಿಸಿದ ಕುಶಲಿಗಳು ಅಚ್ಚರಿಗೆ ಅರ್ಹರೇ. ಅಷ್ಟು ಜನರಿದ್ದ ಆ ರಾಜಧಾನಿ ನೀರನ್ನು ಎಲ್ಲಿಂದ ಕುಡಿಯಿತು ಎಂಬ ಪ್ರಶ್ನೆ ಮಾತ್ರ ಆ ಪಟಗಳನ್ನು ನೋಡಿದವರಿಗೆ ಹುಟ್ಟುವುದಿಲ್ಲ.

ಉತ್ತರ ನೆಲದ ಕೆಳಗಿದೆ. ನಗರದ ಪಶ್ಚಿಮಕ್ಕಿರುವ ತೊರವಿಯ ಕಡೆಯಿಂದ ಆದಿಲ್‌ಶಾಹಿ ಕಾಲದವರು ಸುರಂಗದ ಮೂಲಕ ನೀರು ತಂದರು. ಪರ್ಷಿಯಾದ ಕಡೆಯಿಂದ ಬಂದ ಈ ವಿದ್ಯೆಗೆ ಕರೇಜ್ ಎಂದು ಹೆಸರು. ಇಲ್ಲಿಯವರ ಬಾಯಲ್ಲಿ ಅದು ಸುರಂಗ ಬಾವಡಿ. ಎತ್ತರದ ನೆಲದ ಅಂತರ್ಜಲವನ್ನು ತಟ್ಟಿ, ಬಿಸಿಲು ಸೋಕದಂತೆ ನೆಲದಡಿಯಲ್ಲಿಯೇ ಸಣ್ಣ ಇಳಿಜಾರಿನಲ್ಲಿ ಹರಿಸಿ, ನಡುನಡುವೆ ಗಾಳಿಗೂ ಹೂಳು ತೆಗೆಯುವುದಕ್ಕೂ ಬಾವಿಯಂಥ ಕಂಡಿಗಳನ್ನು ತೋಡಿ ನೀರನ್ನು ಊರಿಗೆ ಮುಟ್ಟಿಸಿದರು. ಎತ್ತುವ ಯಂತ್ರವಿಲ್ಲ, ಆವಿಯಾಗಿ ಹೋಗುವ ನಷ್ಟ ಅತ್ಯಲ್ಪ. 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಾಲಾಬನ್ನು ಕಟ್ಟಿ ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದರು. ಕೊಳವೆಯೊಳಗಿನ ಒತ್ತಡ ಹೆಚ್ಚಿ ಒಡೆಯದಿರಲೆಂದು ದಾರಿಯುದ್ದಕ್ಕೂ ಗೋಪುರದಂಥ ಗಂಜುಗಳನ್ನು ನಿಲ್ಲಿಸಿದರು. ಅವುಗಳಲ್ಲಿ ಕೆಲವು ಇಂದೂ ರಸ್ತೆಯ ಪಕ್ಕದಲ್ಲಿ ನಿಂತಿವೆ. ಗೋಳಗುಮ್ಮಟಕ್ಕೆ ಹೋಗುವ ವಾಹನಗಳು ಅವುಗಳನ್ನು ದಾಟಿಕೊಂಡೇ ಹೋಗುತ್ತವೆ. ಇಳಿದು ಪಟ ತೆಗೆದವರು ವಿರಳ.

1620ರ ತಾಜ್ ಬಾವಡಿಯ ಕತೆ ಇನ್ನೂ ಬೋಧಪ್ರದ. ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ಈ ಕಲ್ಲಿನ ಬಾವಿ ಗುಮ್ಮಟಗಳಷ್ಟೇ ಸುಂದರವಾದದ್ದು. ನಲ್ಲಿಗೆ ನದಿಯ ನೀರು ಬಂದ ಮೇಲೆ ಬಾವಡಿ ಬೇಡವಾಯಿತು. ಬಟ್ಟೆ ಒಗೆಯುವ, ಕಸ ಎಸೆಯುವ, ಗಣೇಶನನ್ನು ವಿಸರ್ಜಿಸುವ ಸ್ಥಳವಾಗಿ ನೀರು ಪಾಚಿಗಟ್ಟಿತು. ಆ ವರ್ಷಗಳಲ್ಲಿ ಯಾರೂ ಅದರೆದುರು ನಿಂತು ಪಟ ತೆಗೆಸಿಕೊಳ್ಳಲಿಲ್ಲ. ಪಟವಿಲ್ಲದಿದ್ದುದರಿಂದ ಅದರ ಕೆಡುಕು ಹೊರಗಿನವರಿಗೆ ತಿಳಿಯಲೂ ಇಲ್ಲ. ಕಳೆದ ದಶಕದ ಬರಗಾಲ ಹಳೆಯ ಬಾವಿಗಳನ್ನು ಮತ್ತೆ ನೆನಪಿಗೆ ತಂದಿತು. ಹೂಳೆತ್ತುವ ಕೆಲಸ ನಡೆಯಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2020ರ ತನ್ನ ಗಮನಪಟ್ಟಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ಐತಿಹಾಸಿಕ ಜಲವ್ಯವಸ್ಥೆಗಳನ್ನು ಸೇರಿಸಿತು. ಹೊರಗಿನವರು ಬೆರಳಿಟ್ಟು ತೋರಿಸಿದ ಮೇಲೆ ಊರಿನವರು ಕತ್ತು ತಿರುಗಿಸಿ ನೋಡಿದರು ಎನ್ನುವುದು ಕಹಿಯಾದರೂ ನಿಜ.

ಇದೇ ಜಿಲ್ಲೆಯ ಆಲಮಟ್ಟಿಗೂ ಈ ಮಾತು ಸಲ್ಲುತ್ತದೆ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದ ಆ ಜಲಾಶಯದ ಉದ್ಯಾನ, ಕಾರಂಜಿಗಳು ಪ್ರತಿ ಆಲ್ಬಮ್ಮಿನಲ್ಲಿಯೂ ಇವೆ. ಹಿನ್ನೆಲೆಯಲ್ಲಿ ಹೊಳೆಯುವ ನೀರಿನ ಕೆಳಗೆ ಹಳ್ಳಿಗಳಿವೆ, ಹಳೆಯ ಬಾಗಲಕೋಟೆಯ ಓಣಿಗಳಿವೆ. ಮುಳುಗಡೆಯಾದವರ ಮನೆಗಳಲ್ಲಿ ಬೇರೆ ಪಟಗಳು ಸಿಗುತ್ತವೆ: ಹೊಸ್ತಿಲು, ಬೇವಿನ ಮರ, ಊರ ಹನುಮಪ್ಪನ ಗುಡಿ. ಅವನ್ನು ಅವರು ಯಾರಿಗೂ ಕಳಿಸುವುದಿಲ್ಲ, ಕೇಳಿದರೆ ತೋರಿಸುತ್ತಾರೆ.

ಇನ್ನು ಮಲೆನಾಡು. ಬಯಲುಸೀಮೆಯಿಂದ ಹೊರಟ ಬಸ್ಸು ಜೋಗದ ಮುಂದೆ ನಿಲ್ಲುತ್ತದೆ. ರಾಜಾ, ರಾಣಿ, ರೋರರ್, ರಾಕೆಟ್ ಎಂದು ಬೆರಳು ಮಾಡಿ ತೋರಿಸುವಷ್ಟರಲ್ಲಿ ನೂರು ಪಟಗಳಾಗಿರುತ್ತವೆ. 253 ಮೀಟರಿನಷ್ಟು ಎತ್ತರದಿಂದ ಧುಮುಕುವ ಆ ನೀರಿನ ಹಿಂದೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿದೆ. ಮಳೆಗಾಲವನ್ನು ಬಿಟ್ಟರೆ ಜೋಗದಲ್ಲಿ ಎಷ್ಟು ನೀರು ಕಾಣಬೇಕೆಂಬುದು ಬಹುಮಟ್ಟಿಗೆ ಅಣೆಕಟ್ಟೆಯವರ ನಿರ್ಧಾರ. ಡಿಸೆಂಬರಿನಲ್ಲಿ ಬಂದ ಶಾಲಾ ಮಕ್ಕಳು ಬಂಡೆಯ ಮೇಲಿನ ನಾಲ್ಕು ಬಿಳಿಯ ಗೆರೆಗಳನ್ನು ಕಂಡು ಪೆಚ್ಚಾಗುತ್ತಾರೆ. ಮೋಸವಾಯಿತೆಂದು ಅವರಿಗೆ ಅನಿಸುವುದು ಸಹಜ. ಊರಲ್ಲಿ ಸ್ವಿಚ್ಚು ಒತ್ತಿದರೆ ಉರಿಯುವ ದೀಪಕ್ಕೂ ಆ ಬರಿದಾದ ಬಂಡೆಗೂ ನಂಟಿದೆಯೆಂದು ಅಲ್ಲಿಯೇ ಹೇಳುವ ಉಪಾಧ್ಯಾಯರು ಜತೆಗಿದ್ದರೆ ಆ ಪ್ರವಾಸ ನಿಜಕ್ಕೂ ಶೈಕ್ಷಣಿಕ.

ಜೋಗದ ವಿಷಯ ಬಂದಾಗ ಒಂದು ಹಳೆಯ ಪ್ರಸಂಗವನ್ನು ಬಿಡಲಾಗದು. 1927ರಲ್ಲಿ ಗಾಂಧೀಜಿ ಸಾಗರದವರೆಗೆ ಬಂದಿದ್ದರು. ಜತೆಯಲ್ಲಿದ್ದ ಕಾಕಾ ಕಾಲೇಲ್ಕರರು ಜಲಪಾತವನ್ನು ನೋಡಿಬರೋಣವೆಂದು ಒತ್ತಾಯಿಸಿದರು. ಎತ್ತರ ಎಷ್ಟೆಂದು ವಿಚಾರಿಸಿದ ಗಾಂಧೀಜಿ, ಮಳೆ ಅದಕ್ಕಿಂತ ಎತ್ತರದಿಂದ ಬೀಳುತ್ತದಲ್ಲವೆ ಎಂದು ಮಾತನ್ನು ತೇಲಿಸಿ ಹೋಗಲು ಒಪ್ಪಲಿಲ್ಲ. ಕಾಲೇಲ್ಕರರು ಹೋದರು, ನೋಡಿದರು, ನೋಡಿದ್ದನ್ನು ಮನದುಂಬಿ ಬರೆದರು. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ಅಗತ್ಯವಿಲ್ಲ. ಗಾಂಧೀಜಿಯ ಮಾತು ವಿನೋದದ್ದೇ ಆದರೂ ಬಯಲುಸೀಮೆಯವರಿಗೆ ಅದು ಸರಿಯಾಗಿ ನಾಟುತ್ತದೆ. ಮಳೆ ಬೀಳುವುದೇ ಒಂದು ದರ್ಶನವೆಂಬುದನ್ನು ಅವರಿಗೆ ಬೇರೆಯವರು ಕಲಿಸಬೇಕಿಲ್ಲ.

ಜೋಗವನ್ನು ಬಿಟ್ಟ ಬಸ್ಸು ಸಂಜೆಯೊಳಗೆ ಮುರ್ಡೇಶ್ವರವನ್ನು ಸೇರಬೇಕೆಂದು ಹೊನ್ನಾವರದ ಘಟ್ಟವಿಳಿಯುತ್ತದೆ. ಆ ದಾರಿಯ ಆಸುಪಾಸಿನಲ್ಲಿಯೇ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಇದೆ. ವರ್ಷವಿಡೀ ಬತ್ತದ ಸಿಹಿನೀರಿನ ಜೌಗಿನಲ್ಲಿ ಬೆಳೆದ ಕಾಡದು. ಅಲ್ಲಿಯವರು ಅದನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಕೆಸರಿನಲ್ಲಿ ಉಸಿರಾಡಲು ಮರಗಳು ಮೊಣಕಾಲು ಮಡಿಸಿದಂತೆ ಬೇರುಗಳನ್ನು ಮೇಲೆತ್ತುತ್ತವೆ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ವಿಜ್ಞಾನಲೋಕ ಗುರುತಿಸಿದ್ದು 2000ದಲ್ಲಿ, ಈ ಕಾಡಿನಿಂದಲೇ. ಗೇರುಹಣ್ಣಿನ ಬಳಗಕ್ಕೆ ಸೇರಿದ ಆ ಮರ ಜಗತ್ತಿನಲ್ಲಿ ಉಳಿದಿರುವುದು ಕೆಲವೇ ಜಡ್ಡಿಗಳಲ್ಲಿ. ಶರಾವತಿಯಲ್ಲಿ ಬೇಸಿಗೆಗೂ ನೀರಿರಲು ಇಂಥ ಜಡ್ಡಿಗಳು ಕಾರಣ. ಜೋಗದ ಬಂಡೆ ಪ್ರಸಿದ್ಧ, ಜಡ್ಡಿ ಅಪ್ರಸಿದ್ಧ. ಬಸ್ಸಿನಲ್ಲಿ ಹಾಡು ಜೋರಾಗಿರುತ್ತದೆ, ಕಿಟಕಿಯ ಹೊರಗೆ ಕತ್ತಲಿರುತ್ತದೆ, ಪಟ ಬರುವುದಿಲ್ಲ. ಒಂದು ದೃಷ್ಟಿಯಿಂದ ಅದೇ ಒಳ್ಳೆಯದಾಯಿತೆನ್ನಬೇಕು. ಪಟ ಬಂದಿದ್ದರೆ ಜನ ಬರುತ್ತಿದ್ದರು. ಜನ ಬಂದಿದ್ದರೆ ಆ ಮೆತ್ತನೆಯ ನೆಲ ಒಂದು ಋತುವನ್ನೂ ತಾಳುತ್ತಿರಲಿಲ್ಲ.

ಪಟ ಬಂದ ಕಡೆ ಏನಾಯಿತೆಂಬುದಕ್ಕೆ ದೃಷ್ಟಾಂತಗಳು ಬೇಕಾದಷ್ಟಿವೆ. 2024ರ ಜನವರಿ ಕೊನೆಯ ರಜಾದಿನಗಳಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಜಾತ್ರೆಯಂತೆ ನೆರೆದ ಜನರ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಅರಣ್ಯ ಇಲಾಖೆ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮುಂಗಡ ನೋಂದಣಿಯ ವ್ಯವಸ್ಥೆ ತಂದಿತು. ಜನರನ್ನು ಅಲ್ಲಿಗೆ ಸೆಳೆದದ್ದೂ ಪಟವೇ, ಅತಿಯಾಯಿತೆಂದು ಸಾಕ್ಷಿ ನುಡಿದದ್ದೂ ಪಟವೇ. 2022ರಲ್ಲಿ ಚಂದ್ರದ್ರೋಣ ಗಿರಿಸಾಲಿನಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಅರಳಿದಾಗ ಹೂವನ್ನು ಕಿತ್ತು ಕೈಯಲ್ಲಿ ಹಿಡಿದು ಚಿತ್ರ ತೆಗೆಸಿಕೊಂಡವರಿದ್ದರು. ಬೀಜ ಕಟ್ಟಿ ಉದುರಿದರೆ ಮಾತ್ರ ಮುಂದಿನ ಹನ್ನೆರಡು ವರ್ಷಕ್ಕೆ ಹೂವುಂಟು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. 2019ರಲ್ಲಿ ಹಂಪೆಯ ಕಂಬವೊಂದನ್ನು ನೂಕಿ ಕೆಡವಿ ಆ ದೃಶ್ಯವನ್ನು ಹಂಚಿಕೊಂಡ ಯುವಕರು ಬಂಧಿತರಾಗಿ, ದಂಡ ತೆತ್ತು, ಬಿದ್ದ ಕಂಬವನ್ನು ಮತ್ತೆ ನಿಲ್ಲಿಸಬೇಕಾಯಿತು. 2023ರ ಜುಲೈಯಲ್ಲಿ ಕೊಲ್ಲೂರಿನ ಹತ್ತಿರದ ಅರಶಿನಗುಂಡಿ ಜಲಪಾತದ ಬಂಡೆಯ ಮೇಲೆ ನಿಂತಿದ್ದ ಯುವಕ ಗೆಳೆಯನ ಕ್ಯಾಮರಾ ಓಡುತ್ತಿರುವಂತೆಯೇ ಜಾರಿ ನೀರುಪಾಲಾದನು. ಹೆತ್ತವರ ಪಾಲಿಗೆ ಉಳಿದದ್ದು ಆ ಕೊನೆಯ ಚಿತ್ರ. ಅದನ್ನೂ ಜನ ಹಂಚಿಕೊಂಡರು.

ಇಷ್ಟು ಹೇಳಿದೊಡನೆ ಘಟ್ಟದ ಮೇಲಿನವರು ಬಯಲಿನವರ ಕಡೆಗೆ ಬೆರಳು ತೋರುವುದುಂಟು. ಬಸ್ಸಿನಲ್ಲಿ ಬಂದವರು ಪ್ಲಾಸ್ಟಿಕ್ಕು ಬಿಸಾಡಿದರು, ಗದ್ದಲ ಮಾಡಿದರು, ಸಿಂಗಳೀಕಕ್ಕೆ ಬಾಳೆಹಣ್ಣು ಕೊಟ್ಟು ಪಟ ತೆಗೆದರು ಎಂದು. ಆ ದೂರಿನಲ್ಲಿ ಹುರುಳಿಲ್ಲದಿಲ್ಲ. ಮರದ ತುದಿಯನ್ನು ಬಿಟ್ಟಿಳಿಯದ ಸಿಂಗಳೀಕ ಘಾಟಿಯ ರಸ್ತೆಗಿಳಿದು ಕೈಯೊಡ್ಡುವಂತಾಗಿ ವಾಹನಕ್ಕೆ ಸಿಕ್ಕು ಸಾಯುವುದು ಸಣ್ಣ ಸಂಗತಿಯಲ್ಲ. ಆದರೆ ಗುಡ್ಡದ ನೆತ್ತಿಯನ್ನು ಸವರಿ ರೆಸಾರ್ಟು ಕಟ್ಟಿದವರು, ಕಾಫಿ ತೋಟದ ನಡುವೆ ಹೋಂಸ್ಟೇ ತೆರೆದು ಮುಗಿಲೊಳಗೆ ಮುಳುಗಿದ ಕೋಣೆಯ ಚಿತ್ರವನ್ನು ಜಾಹೀರಾತು ಮಾಡಿದವರು, ಹುಲ್ಲುಗಾವಲಿನಲ್ಲಿ ಜೀಪು ಓಡಿಸಿದವರು ಚಡಚಣದಿಂದ ಹೋದವರಲ್ಲ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು, ಛತ್ರದಲ್ಲಿ ಮಲಗಿ, ಸರ್ಕಾರಿ ಬಸ್ಸಿನಲ್ಲಿ ತಿರುಗಿಬರುವ ಯಾತ್ರಿಕನು ಬೆಟ್ಟದ ಮೇಲೆ ಹಾಕುವ ಭಾರ ವಾರಾಂತ್ಯದ ಕಾರಿನವನದಕ್ಕಿಂತ ಎಷ್ಟೋ ಹಗುರ. ಈ ಪತ್ರಿಕೆಯ ಓದುಗರು ಇದನ್ನು ಒಪ್ಪಲು ಸ್ವಲ್ಪ ಹಿಂಜರಿಯಬಹುದು, ಆದರೆ ಒಪ್ಪಬೇಕು.

ಬೆಟ್ಟ ಬೇರೆ, ಬಯಲು ಬೇರೆ ಎಂಬ ಎಣಿಕೆಯೇ ಮೂಲದಲ್ಲಿ ಸುಳ್ಳು. ಚಡಚಣದ ಉತ್ತರಕ್ಕೆ, ಧೂಳಖೇಡದಲ್ಲಿ ಹೆದ್ದಾರಿಯ ಸೇತುವೆಯ ಕೆಳಗೆ ಹರಿಯುವ ಭೀಮೆ ಸಹ್ಯಾದ್ರಿಯ ಮಗಳು. ಪುಣೆ ಜಿಲ್ಲೆಯ ಭೀಮಾಶಂಕರದ ಕಾಡಿನಲ್ಲಿ ಅವಳು ಹುಟ್ಟುತ್ತಾಳೆ. ಅಲ್ಲಿ ಮಳೆ ಮೂರು ಸಾವಿರ ಮಿಲಿಮೀಟರಿನಾಚೆಗೆ. ಇಲ್ಲಿ ಆರುನೂರರ ಆಸುಪಾಸು. ಪಂಢರಪುರದಲ್ಲಿ ಬಿದಿಗೆಯ ಚಂದ್ರನಂತೆ ಬಾಗಿ ಚಂದ್ರಭಾಗೆಯೆನಿಸಿ, ಮುಂದೆ ಇಂಡಿ, ಸಿಂದಗಿಗಳ ಅಂಚನ್ನು ಸವರಿಕೊಂಡು ಕೃಷ್ಣೆಯನ್ನು ಸೇರುತ್ತಾಳೆ. ಒಟ್ಟು ಹರಿವು 861 ಕಿಲೋಮೀಟರು. ಭೀಮಾಶಂಕರಕ್ಕೆ ಯಾತ್ರೆ ಹೋದ ಚಡಚಣದ ಭಕ್ತರು ಜ್ಯೋತಿರ್ಲಿಂಗದ ಗುಡಿಯ ಮುಂದೆ ಪಟ ತೆಗೆಸಿಕೊಳ್ಳುತ್ತಾರೆ. ಗುಡಿಯ ಸುತ್ತಲಿನ ಆ ಕಾಡು 1985ರಲ್ಲಿ ಅಭಯಾರಣ್ಯವಾದದ್ದು. ಶೇಕ್ರು ಎಂಬ ಕೆಂದಳಿಲು ನೆಗೆದಾಡುವ ಆ ಮರಗಳು ಹಿಡಿದಿಟ್ಟ ಮಳೆಯೇ ತಮ್ಮ ಊರಿನ ಕಬ್ಬಿಗೂ ಲಿಂಬೆಗೂ ನೀರು ಎಂಬುದನ್ನು ಆ ಪಟ ಹೇಳುವುದಿಲ್ಲ.

ಊರಿನ ಆಲ್ಬಮ್ಮುಗಳನ್ನು ತಿರುವಿದರೆ ಇನ್ನೊಂದು ಬೆರಗು ಕಾದಿದೆ. ಶರಾವತಿ ಇದೆ, ತುಂಗಭದ್ರೆ ಇದೆ, ಹರಿದ್ವಾರದ ಗಂಗೆಯೂ ಇದ್ದಾಳೆ. ಮನೆಯ ಹೊಳೆ ಭೀಮೆ ಇಲ್ಲ. ಇದ್ದರೆ ಮಹಾಪೂರದ ದಿನಗಳಲ್ಲಿ ಮಾತ್ರ. 2020ರ ಅಕ್ಟೋಬರಿನಲ್ಲಿ ಹೊಳೆ ಉಕ್ಕಿ ದಂಡೆಯ ಹಳ್ಳಿಗಳನ್ನು ನುಂಗಿದಾಗ, 2025ರ ಸೆಪ್ಟೆಂಬರ್ ಕೊನೆಗೆ ಸೀನಾ ನದಿಯ ನೀರೂ ಕೂಡಿ ಮತ್ತೆ ಉಕ್ಕಿದಾಗ ಸಾವಿರಾರು ಚಿತ್ರಗಳು ಓಡಾಡಿದವು. ನೀರು ಇಳಿಯಿತು, ಚಿತ್ರಗಳೂ ನಿಂತವು. ಹೊಳೆ ಸಾಯುತ್ತಿರುವುದು ಪೂರದ ದಿನಗಳಲ್ಲಿ ಅಲ್ಲ. 1980ರಲ್ಲಿ ಮುಗಿದ ಉಜನಿ ಅಣೆಕಟ್ಟೆಯ ತರುವಾಯ ಬೇಸಿಗೆಯ ಹರಿವು ಬಿಟ್ಟರುಂಟು, ಬಿಡದಿದ್ದರಿಲ್ಲ ಎಂಬಂತಾಯಿತು. ಅದರ ಮೇಲೆ ಉಸುಕಿನ ಸಾಗಾಟ. ಉಸುಕು ಎಂದರೆ ಕಟ್ಟಡದ ಸಾಮಾನು ಎಂದಷ್ಟೇ ತಿಳಿದವರು ಹೊಳೆಯನ್ನು ಅರಿತವರಲ್ಲ. ಕಾಳು ಕಾಳಿನ ನಡುವಿನ ಸಂದಿಯಲ್ಲಿ ಉಸುಕು ನೀರನ್ನು ಅವಿತಿಟ್ಟುಕೊಳ್ಳುತ್ತದೆ, ಸೋಸುತ್ತದೆ, ದಂಡೆಯ ಬಾವಿಗಳಿಗೆ ಮೆಲ್ಲನೆ ಕೊಡುತ್ತದೆ. ಚೈತ್ರದಲ್ಲಿ ಉಸುಕು ಕೆದರಿ ಒರತೆ ತೋಡಿ ಕೊಡ ತುಂಬಿದ ಮುದುಕಿಯರು ಇನ್ನೂ ಬದುಕಿದ್ದಾರೆ. ಆ ಉಸುಕು ಹೋದ ಕಡೆ ಕರಿಯ ಬಂಡೆ, ಕೆಸರು, ಜಾಲಿ. ಒರತೆ ತೋಡಲು ಸ್ಥಳವೇ ಇಲ್ಲ.

ಮೊದಲು ಹೊಳೆ ಹೇಗಿತ್ತು ಎಂದು ಕೇಳಿದರೆ ತೋರಿಸಲು ಏನಿದೆ? ಮುದುಕಿಯ ಮಾತನ್ನು ಕಚೇರಿ ದಾಖಲೆಯೆಂದು ಒಪ್ಪುವುದಿಲ್ಲ. ಇಲ್ಲಿ ಹಂಪೆಯ ಒಂದು ಪ್ರಸಂಗ ದಾರಿ ತೋರುತ್ತದೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಹಂಪೆಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರಿಸಿದ್ದನು. ಮರೆಯಾಗಿದ್ದ ಆ ನೆಗೆಟಿವ್‌ಗಳು ಬೆಳಕಿಗೆ ಬಂದ ಮೇಲೆ, 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕ ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ, ಅದೇ ಕೋನದಲ್ಲಿ ಮತ್ತೆ ಚಿತ್ರ ತೆಗೆದನು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಯಾವ ಕಲ್ಲು ಬಿದ್ದಿತು, ಯಾವ ಗೋಪುರ ದುರಸ್ತಿಯಾಯಿತು ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಒಂದೊಂದೇ ಚಿತ್ರ ನೆನಪು. ಜೋಡಿಯಾದಾಗ ಅದು ಸಾಕ್ಷಿ.

ಇದಕ್ಕೆ ದೊಡ್ಡ ಕ್ಯಾಮರಾ ಬೇಕಿಲ್ಲ. ಧೂಳಖೇಡದ ಸೇತುವೆಯ ಒಂದು ನಿರ್ದಿಷ್ಟ ಕಂಬ, ದಂಡೆಯ ಒಂದು ಗುಡಿಯ ಮೆಟ್ಟಿಲು, ಊರ ಹಳೆಯ ಬಾವಿಯ ಒಂದು ಮೂಲೆ ಎಂದು ನಾಲ್ಕು ನೆಲೆಗಳನ್ನು ಗೊತ್ತು ಮಾಡಿಕೊಂಡು ತಿಂಗಳಿಗೊಮ್ಮೆ ಅದೇ ಕೋನದಲ್ಲಿ ಪಟ ತೆಗೆದರೆ ಸಾಕು. ದಿನಾಂಕ ಬರೆದಿಡಬೇಕು, ನೀರಿನ ಮಟ್ಟ ತಿಳಿಯುವಂತೆ ಕದಲದ ವಸ್ತುವೊಂದು ಚೌಕಟ್ಟಿನಲ್ಲಿರಬೇಕು. ಮೊಬೈಲು ಚಿತ್ರದ ಒಡಲಿನಲ್ಲಿಯೇ ಅಕ್ಷಾಂಶ, ರೇಖಾಂಶಗಳನ್ನು ಅಡಗಿಸಿಡಬಲ್ಲದು. ಹೊಳೆಯ ದಾಖಲೆಗೆ ಆ ಗುರುತು ಇರಲಿ. ಕಾಡಿನ ಅಪರೂಪದ ಹೂವು, ಹಕ್ಕಿಯ ಗೂಡುಗಳ ಚಿತ್ರಕ್ಕೆ ಆ ಗುರುತನ್ನು ತೆಗೆದೇ ಹಂಚಬೇಕು. ಕಳ್ಳನಿಗೆ ದಾರಿ ತೋರಿಸುವುದು ಯಾರ ಇಚ್ಛೆಯೂ ಅಲ್ಲ. ಇನ್ನೊಂದು ಎಚ್ಚರಿಕೆ ಬಹಳ ಮುಖ್ಯ. ಉಸುಕು ತುಂಬುವ ಗಾಡಿಗಳನ್ನು, ಆ ಜನರನ್ನು ಬೆನ್ನಟ್ಟಿ ಚಿತ್ರ ತೆಗೆಯುವ ಸಾಹಸಕ್ಕೆ ಹುಡುಗರು ಹೋಗಬಾರದು. ಹಗಲು ಹೊತ್ತಿನಲ್ಲಿ, ಇಬ್ಬರು ಮೂವರು ಕೂಡಿ, ಹೊಳೆಯನ್ನು ಮಾತ್ರ ಚಿತ್ರಿಸಿದರೆ ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕುಣಿ ಬಿದ್ದ ಹೊಳೆ ಯಾರ ಹೆಸರನ್ನೂ ಹೇಳುವುದಿಲ್ಲ, ಆದರೆ ಎಷ್ಟು ಹೋಯಿತೆಂಬುದನ್ನು ಹೇಳುತ್ತದೆ.

ಊರಿನದನ್ನು ಊರಿನವರೇ ಕೂಡಿಡುವ ಕೆಲಸ ಈ ಮಣ್ಣಿಗೆ ಹೊಸದಲ್ಲ. 1905ರಲ್ಲಿ ಚಡಚಣದಲ್ಲಿಯೇ ಹುಟ್ಟಿದ ಸಿಂಪಿ ಲಿಂಗಣ್ಣನವರು, ಪಕ್ಕದ ಹಲಸಂಗಿಯ ಮಧುರಚೆನ್ನರು, ಕಾಪಸೆ ರೇವಪ್ಪ, ಧೂಲಾಸಾಹೇಬರು ಹಲಸಂಗಿ ಗೆಳೆಯರೆಂದು ಹೆಸರಾದರು. ಆ ಕಾಲಕ್ಕೆ ಓದಿದವರ ಕಣ್ಣೆಲ್ಲ ದೂರದ ಕಾವ್ಯಗಳ ಮೇಲಿದ್ದಾಗ ಇವರು ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡರು. 1931ರಲ್ಲಿ ಗರತಿಯ ಹಾಡು ಅಚ್ಚಾಯಿತು. ಬರೆದಿಡದೆ ಹೋಗಿದ್ದರೆ ಹಿಟ್ಟಿನ ಗಿರಣಿ ಬಂದ ದಿನವೇ ಆ ಹಾಡುಗಳು ಮುಗಿಯುತ್ತಿದ್ದವು. ಪ್ರಸಿದ್ಧವಾದುದನ್ನು ಅವರು ಹುಡುಕಿಕೊಂಡು ಹೋಗಲಿಲ್ಲ. ಕಿವಿಯ ಹತ್ತಿರವೇ ಇದ್ದುದಕ್ಕೆ ಕಿವಿಗೊಟ್ಟರು.

ಹಳೆಯ ಪೆಟ್ಟಿಗೆಗಳನ್ನೂ ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಹೊಳೆದಂಡೆಯ ಹಳ್ಳಿಗಳಿಂದ ಬಂದ ಸೊಸೆಯಂದಿರ ತವರಿನ ಪಟಗಳಲ್ಲಿ, ಮದುವೆಯ ಬೀಗರೂಟದ ಗುಂಪುಚಿತ್ರಗಳಲ್ಲಿ, ಮಗುವಿನ ಜಾವಳ ತೆಗೆಸಿದ ದಿನದ ಮಸುಕು ಕಪ್ಪುಬಿಳುಪಿನಲ್ಲಿ, ಜನರ ಹೆಗಲ ಮೇಲಿನಿಂದ ಒಂದು ತುಣುಕು ಹೊಳೆ, ಒಂದು ತುಣುಕು ಉಸುಕಿನ ದಿನ್ನೆ ಕಾಣಬಹುದು. ತೆಗೆದವನಿಗೆ ಬೇಕಾಗಿದ್ದುದು ಮುಂದಿದ್ದವರ ಮುಖ. ಈಗ ಬೇಕಾಗಿರುವುದು ಹಿಂದಿರುವ ದಿನ್ನೆ. ಅಂಥ ಪಟವೊಂದು ಸಿಕ್ಕರೆ ಹಿಂಬದಿಗೆ ವರ್ಷವನ್ನೂ ಸ್ಥಳವನ್ನೂ ಹಿರಿಯರನ್ನು ಕೇಳಿ ಪೆನ್ಸಿಲಿನಲ್ಲಿ ಬರೆದಿಡಬೇಕು. ಹಿರಿಯರಿರುವಾಗಲೇ ಕೇಳಬೇಕು.

ಸಂಕ್ರಾಂತಿಗೆ ಈ ಕಡೆಯ ಮನೆಗಳಿಂದ ಜನ ಎಳ್ಳು ಹಚ್ಚಿಕೊಂಡು ಮೀಯಲು ಹೊಳೆಗೆ ಹೋಗುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಮೊಸರಿನ ಬುತ್ತಿ ದಂಡೆಯ ಮೇಲೆ ಬಿಚ್ಚುತ್ತಾರೆ. ಉಂಡ ಮೇಲೆ ಎಲ್ಲರೂ ಒಟ್ಟಾಗಿ ನಿಂತು ಪಟ ತೆಗೆಸಿಕೊಳ್ಳುತ್ತಾರೆ. ಜನವರಿಯ ಆ ಹೊತ್ತಿಗೆ ನೀರು ಇಳಿದು ಹೊಳೆಯ ತಳ ಅರ್ಧ ಹೊರಬಿದ್ದಿರುತ್ತದೆ. ಪಟ ತೆಗೆಯುವವರು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರೆ ಅಜ್ಜಿ, ಮೊಮ್ಮಕ್ಕಳ ಜತೆಗೆ ಭೀಮೆಯೂ ಚೌಕಟ್ಟಿನೊಳಗೆ ಬರುತ್ತಾಳೆ.